ಟಾನ್ಸಿಲ್ ದಪ್ಪವಾದರೆ: ಮನೆಯಲ್ಲಿ ನೋಡುವ ಕ್ರಮ, ಕಾರಣ ಹುಡುಕುವ ದಾರಿ

ಮಗುವಿನ ಬಾಯಿ ತೆರೆಸಿ ಮೊಬೈಲಿನ ಟಾರ್ಚು ಹಿಡಿದರೆ ಕಿರುನಾಲಿಗೆಯ ಎಡಬಲದಲ್ಲಿ ಗುಲಾಬಿ ಬಣ್ಣದ ಎರಡು ಗಡ್ಡೆ ಕಾಣುತ್ತವೆ. ಹೆಚ್ಚಿನ ಮನೆಗಳಲ್ಲಿ ಅವನ್ನು ಮೊದಲ ಸಲ ನೋಡುವುದೇ ಜ್ವರ ಬಂದ ರಾತ್ರಿ, ಹಾಗಾಗಿ ಗಾಬರಿ. ಜ್ವರವಿಲ್ಲದ ದಿನ ಒಮ್ಮೆ ನೋಡಿಟ್ಟಿದ್ದರೆ, ಅವು ಮೊದಲೂ ಹೆಚ್ಚುಕಡಿಮೆ ಅಷ್ಟೇ ಇದ್ದವು ಎಂದು ಎಷ್ಟೋ ಸಲ ಗೊತ್ತಾಗುತ್ತಿತ್ತು. ಆದ್ದರಿಂದ ಮೊದಲ ಕೆಲಸ: ಮಗು ಆರಾಮವಾಗಿರುವ ಒಂದು ದಿನ ಗಂಟಲಿನ ಫೋಟೋ ತೆಗೆದು ತಾರೀಕಿನೊಂದಿಗೆ ಇಟ್ಟುಕೊಳ್ಳಿ. ಮುಂದೆ ಜ್ವರ ಬಂದಾಗ ನಿಮಗೂ ಡಾಕ್ಟರಿಗೂ ಹೋಲಿಸಿ ನೋಡಲು ಅದರಷ್ಟು ಉಪಯೋಗಕ್ಕೆ ಬರುವುದು ಬೇರೆ ಇಲ್ಲ.

ಗಾತ್ರ ಒಂದರಿಂದಲೇ ಏನನ್ನೂ ತೀರ್ಮಾನಿಸಲು ಆಗುವುದಿಲ್ಲ. ಎರಡೂ ಬದಿ ದಪ್ಪವೋ ಒಂದೇ ಬದಿಯೋ, ಎಷ್ಟು ದಿನದಿಂದ, ನೋವು ಉಂಟೋ ಇಲ್ಲವೋ, ಕೆಮ್ಮು-ನೆಗಡಿ ಜೊತೆಗಿದೆಯೋ, ರಾತ್ರಿ ಉಸಿರಾಟ ಹೇಗಿದೆ, ವಯಸ್ಸು ಎಷ್ಟು ಎಂಬ ಆರು ಪ್ರಶ್ನೆಗಳ ಉತ್ತರ ಸರಿಯಾಗಿ ಕೊಟ್ಟರೆ ಕಾರಣದ ಮುಕ್ಕಾಲು ಪಾಲು ಅಲ್ಲೇ ಸಿಗುತ್ತದೆ. ಸ್ಕ್ಯಾನು, ರಕ್ತ ಪರೀಕ್ಷೆ ಎಲ್ಲ ಆಮೇಲೆ.

ಅದು ಅಲ್ಲಿ ಯಾಕಿದೆ

ಬಾಯಿ, ಮೂಗಿನಿಂದ ಒಳಗೆ ಬರುವ ರೋಗಾಣುಗಳನ್ನು ಗುರುತು ಹಿಡಿಯಲು ದೇಹ ಗಂಟಲಿನ ಸುತ್ತ ಕಾವಲು ಅಂಗಾಂಶದ ಒಂದು ಉಂಗುರ ಇಟ್ಟಿದೆ. ಕಿರುನಾಲಿಗೆಯ ಎರಡು ಬದಿಯಲ್ಲಿ ಕಾಣುವ ಟಾನ್ಸಿಲುಗಳು ಅದರ ಒಂದು ಭಾಗ. ಮೂಗಿನ ಹಿಂದೆ, ಕಣ್ಣಿಗೆ ಕಾಣದ ಜಾಗದಲ್ಲಿ ಅಡೆನಾಯ್ಡ್ ಉಂಟು. ನಾಲಿಗೆಯ ಬುಡದಲ್ಲೂ ಅದೇ ಬಗೆಯ ಅಂಗಾಂಶ ಇದೆ. ಟಾನ್ಸಿಲಿನ ಮೇಲೆ ಸಣ್ಣ ಸಣ್ಣ ಗುಳಿಗಳಿರುತ್ತವೆ. ರೋಗಾಣು ಆ ಗುಳಿಯೊಳಗೆ ಸಿಕ್ಕಿಬೀಳುತ್ತದೆ, ದೇಹ ಅದರ ವಿರುದ್ಧ ತಯಾರಾಗುತ್ತದೆ. ಮಕ್ಕಳು ಅಂಗನವಾಡಿ, ಎಲ್‌ಕೆಜಿಗೆ ಹೋಗತೊಡಗಿದ ಮೇಲೆ ಹೊಸ ಹೊಸ ರೋಗಾಣು ಸಿಗುವುದರಿಂದ ಕೆಲಸ ಹೆಚ್ಚು, ಗಾತ್ರವೂ ಹೆಚ್ಚು. 3ರಿಂದ 7 ವರ್ಷದ ಮಕ್ಕಳಲ್ಲಿ, ಬಾಯಿಯ ಅಗಲಕ್ಕೆ ಹೋಲಿಸಿದರೆ, ಟಾನ್ಸಿಲ್ ಅತಿ ದೊಡ್ಡದಾಗಿ ಕಾಣುತ್ತದೆ. 12 ವರ್ಷದ ಹೊತ್ತಿಗೆ ತಾನಾಗಿ ಕುಗ್ಗತೊಡಗುತ್ತದೆ. 5 ವರ್ಷದ ಮಗುವಿಗೆ ಅಡಿಕೆಯಷ್ಟು ದಪ್ಪದ ಟಾನ್ಸಿಲ್ ಇದ್ದು, ಊಟ-ನಿದ್ರೆ-ಆಟ ಎಲ್ಲ ಸರಿಯಿದ್ದರೆ ಅದಕ್ಕೆ ಮದ್ದು ಬೇಡ. ಅದೇ ಗಾತ್ರ 45 ವರ್ಷದವರಲ್ಲಿ ಹೊಸದಾಗಿ ಕಂಡರೆ ಲೆಕ್ಕ ಬೇರೆ.

ಮನೆಯಲ್ಲಿ ನೋಡುವ ಕ್ರಮ

ಬೇಕಾದದ್ದು ಬಿಳಿ ಬೆಳಕಿನ ಟಾರ್ಚು, ಒಂದು ಸ್ಟೀಲ್ ಚಮಚ, ಇನ್ನೊಬ್ಬರ ಸಹಾಯ. ಊಟವಾಗಿ ಒಂದೆರಡು ಗಂಟೆ ಕಳೆದಿರಲಿ, ಇಲ್ಲದಿದ್ದರೆ ಚಮಚ ಇಟ್ಟ ಕೂಡಲೇ ವಾಂತಿ ಬರಬಹುದು. ಚಾವಡಿಯ ಟ್ಯೂಬ್‌ಲೈಟ್ ಸಾಲದು, ಹಳದಿ ಬಲ್ಬಿನಲ್ಲಂತೂ ಕೆಂಪು ಎಷ್ಟು ಎಂದೇ ತಿಳಿಯುವುದಿಲ್ಲ.

ಮಗುವನ್ನು ನಿಮ್ಮ ಕಡೆ ಮುಖ ಮಾಡಿಸಿ ಒಬ್ಬರ ಮಡಿಲಲ್ಲಿ ಕೂರಿಸಿ. ಹಿಡಿದವರ ಒಂದು ಕೈ ಹಣೆಯ ಮೇಲಿರಲಿ, ಇನ್ನೊಂದು ಕೈ ಮಗುವಿನ ಎರಡೂ ಕೈಗಳನ್ನು ಸುತ್ತಿಕೊಂಡಿರಲಿ. ಮೊದಲು ಚಮಚ ಬೇಡ. "ಬಾಯಿ ದೊಡ್ಡದು ಮಾಡಿ ಆ ಹೇಳು ಮಗಾ" ಎಂದರೆ ಅರ್ಧಕ್ಕರ್ಧ ಮಕ್ಕಳಲ್ಲಿ ಅಷ್ಟಕ್ಕೇ ಕಾಣುತ್ತದೆ. ನಾಲಿಗೆ ಹೊರಗೆ ಚಾಚಲು ಹೇಳಬೇಡಿ. ಚಾಚಿದರೆ ಹಿಂಭಾಗ ಉಬ್ಬಿ ಮರೆಯಾಗುತ್ತದೆ. ಕಾಣದಿದ್ದರೆ ಮಾತ್ರ ಚಮಚದ ಹಿಡಿಯನ್ನು ನಾಲಿಗೆಯ ಮುಂದಿನ ಮೂರರಲ್ಲಿ ಎರಡು ಭಾಗದೊಳಗೆ, ನಡುವಿನಿಂದ ಸ್ವಲ್ಪ ಬದಿಗೆ ಇಟ್ಟು ಮೆಲ್ಲಗೆ ಕೆಳಗೆ ಒತ್ತಿ. ಅದಕ್ಕಿಂತ ಹಿಂದೆ ಹೋದರೆ ಓಕರಿಕೆ ಬರುತ್ತದೆ.

ಹೆಚ್ಚಿನವರು ತಪ್ಪುವುದು ಇಲ್ಲೇ. ಓಕರಿಸುವಾಗ ಗಂಟಲಿನ ಸ್ನಾಯು ಬಿಗಿದು ಎರಡೂ ಟಾನ್ಸಿಲನ್ನು ನಡುವಿಗೆ ತಳ್ಳುತ್ತದೆ. ಆ ಅರೆಕ್ಷಣದಲ್ಲಿ ನೋಡಿದರೆ ಎರಡೂ ಒಂದಕ್ಕೊಂದು ತಾಗಿದ ಹಾಗೆ ಕಾಣುತ್ತದೆ, ಮನೆಯವರು ಗಂಟಲೇ ಮುಚ್ಚಿದೆ ಎನ್ನುತ್ತಾರೆ. ಗಾತ್ರದ ಲೆಕ್ಕ ಏನಿದ್ದರೂ ಗಂಟಲು ಸಡಿಲವಾಗಿದ್ದಾಗ. ಫೋಟೋಗಿಂತ 5 ಸೆಕೆಂಡಿನ ವಿಡಿಯೋ ತೆಗೆದು, ನಡುವಿನ ಸ್ಪಷ್ಟ ಚಿತ್ರ ನಿಲ್ಲಿಸಿ ನೋಡುವುದು ಸುಲಭ.

ನೋಡಬೇಕಾದದ್ದು: ಕಿರುನಾಲಿಗೆ ಸರಿಯಾಗಿ ನಡುವಿನಲ್ಲಿದೆಯೇ? ಎರಡೂ ಬದಿ ಸಮವೇ? ಟಾನ್ಸಿಲಿನ ಮೇಲೆ ಬಿಳಿ ಅಥವಾ ಹಳದಿ ಉಂಟೇ? ಇದ್ದರೆ ಚುಕ್ಕಿಯೋ, ಗೆರೆಯೋ, ಹಾಸಿದ ಪರದೆಯೋ? ಮೇಲಿನ ಅಂಗುಳದಲ್ಲಿ ಕೆಂಪು ಚುಕ್ಕಿ, ನೀರುಗುಳ್ಳೆ ಇದೆಯೇ? ಆಮೇಲೆ ದವಡೆಯ ಮೂಲೆಯ ಕೆಳಗೆ, ಕಿವಿಯ ಹಾಲೆಯಿಂದ ಎರಡು ಬೆರಳು ಕೆಳಗೆ, ಮೂರು ಬೆರಳುಗಳ ತುದಿಯಿಂದ ಮೆಲ್ಲಗೆ ತೀಡಿ ನೋಡಿ. ಮಕ್ಕಳಲ್ಲಿ ಅಲ್ಲಿ ಬಟಾಣಿಯಷ್ಟು ದಪ್ಪದ ಜಾರುವ ಗಂಟು ಸಿಗುವುದು ಮಾಮೂಲು. ಆಡುವ ಗೋಲಿಗಿಂತ ದೊಡ್ಡದಿದ್ದರೆ, ಮುಟ್ಟಿದರೆ ಮಗು ಮುಖ ಹಿಂಡಿದರೆ ಬರೆದುಕೊಳ್ಳಿ.

ಜೊಲ್ಲು ಸುರಿಯುತ್ತಿದ್ದು, ಮುಂದಕ್ಕೆ ಬಾಗಿ ಕೂತು ಉಸಿರಿಗೆ ಕಷ್ಟಪಡುವ ಮಗುವಿನ ಬಾಯಿಗೆ ಚಮಚ ಹಾಕಲೇಬಾರದು. ಅಂಥ ಗಂಟಲನ್ನು ಕೆಣಕಿದರೆ ಉಸಿರು ನಾಳ ಪೂರ್ತಿ ಕಟ್ಟಬಹುದು. 108ಕ್ಕೆ ಕರೆ ಮಾಡಿ, ಮಗು ಕೂತ ಹಾಗೆಯೇ ಆಸ್ಪತ್ರೆಗೆ ಒಯ್ಯಿರಿ.

ಗಾತ್ರದ ಅಂಕ

ಡಾಕ್ಟರು ಚೀಟಿಯಲ್ಲಿ ಗ್ರೇಡ್ 2, ಗ್ರೇಡ್ 3 ಎಂದು ಬರೆಯುವುದು ಈ ಲೆಕ್ಕದ ಮೇಲೆ. ಗಂಟಲಿನ ಎರಡೂ ಬದಿಯಲ್ಲಿ ಟಾನ್ಸಿಲಿನ ಮುಂದೆ ಕಾಣುವ ಕಮಾನಿನಂಥ ಮಡಿಕೆಗಳ ನಡುವಿನ ಅಗಲದಲ್ಲಿ ಟಾನ್ಸಿಲುಗಳು ಕಾಲು ಭಾಗಕ್ಕಿಂತ ಕಡಿಮೆ ತುಂಬಿದ್ದರೆ 1. ಕಾಲಿನಿಂದ ಅರ್ಧದವರೆಗೆ 2. ಅರ್ಧದಿಂದ ಮುಕ್ಕಾಲಿನವರೆಗೆ 3. ಮುಕ್ಕಾಲಿಗಿಂತ ಹೆಚ್ಚಾದರೆ 4. ಕಮಾನಿನ ಒಳಗೇ ಅಡಗಿದ್ದರೆ ಸೊನ್ನೆ. ನಾಲ್ಕನೇ ಗ್ರೇಡಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದಕ್ಕೊಂದು ತಾಗುತ್ತವೆ.

ಈ ಅಂಕ ರೋಗದ ತೀವ್ರತೆಯ ಅಂಕವಲ್ಲ. ಗ್ರೇಡ್ 2 ಇದ್ದೂ ಅಡೆನಾಯ್ಡ್ ದೊಡ್ಡದಾದರೆ ರಾತ್ರಿ ಉಸಿರು ಕಟ್ಟುತ್ತದೆ. ಗ್ರೇಡ್ 4 ಇದ್ದೂ ಹಾಯಾಗಿ ಮಲಗುವ ಮಕ್ಕಳು ಬೇಕಾದಷ್ಟು.

ಕೆಂಪಾಗಿ, ನೋವಿನಿಂದ ದಪ್ಪವಾದರೆ

ಇದು ಸೋಂಕು. ಹೆಚ್ಚಿನ ಸಲ ವೈರಸ್. ನೆಗಡಿಯ ವೈರಸ್, ಅಡಿನೊವೈರಸ್, ಫ್ಲೂ ಎಲ್ಲವೂ ಟಾನ್ಸಿಲನ್ನು ಕೆಂಪು ಮಾಡಬಲ್ಲವು. ಗುರುತು: ಮೂಗು ಸೋರುವುದು, ಕೆಮ್ಮು, ಸ್ವರ ಒಡೆಯುವುದು, ಕಣ್ಣು ಕೆಂಪಾಗುವುದು. ಅಂಗುಳದ ಹಿಂಭಾಗದಲ್ಲಿ ಸಣ್ಣ ನೀರುಗುಳ್ಳೆ, ಅಂಗೈ-ಅಂಗಾಲಿನಲ್ಲೂ ಗುಳ್ಳೆ ಇದ್ದರೆ ಅದು ಕೈ-ಕಾಲು-ಬಾಯಿ ರೋಗದ ಗುಂಪಿನ ವೈರಸ್. ಜೂನಿನಲ್ಲಿ ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ನಮ್ಮಲ್ಲಿ ಒಟ್ಟೊಟ್ಟಿಗೆ. ಕಿಟಕಿ ಮುಚ್ಚಿದ ತರಗತಿ, ಒದ್ದೆ ಅಂಗಿ, ಒಂದೇ ಬಾಟ್ಲಿಯ ನೀರು ನಾಲ್ಕು ಮಕ್ಕಳಿಗೆ. ಹರಡಲು ಇಷ್ಟು ಸಾಕು. ಇದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಹೆಚ್ಚಾಗಿ ಒಂದು ವಾರದೊಳಗೆ ಇಳಿಯುತ್ತದೆ.

ಗಡ್‌ಬಡ್ ಐಸ್‌ಕ್ರೀಮ್ ತಿಂದದ್ದಕ್ಕೆ ಟಾನ್ಸಿಲ್ ಆಯಿತು ಎನ್ನುವ ಮಾತು ಮನೆಮನೆಯಲ್ಲಿ ಕೇಳುತ್ತದೆ. ತಣ್ಣನೆಯದು ಸೋಂಕು ಹುಟ್ಟಿಸುವುದಿಲ್ಲ. ನುಂಗಲಾಗದ ಮಗುವಿಗೆ ತಣ್ಣಗಿನ ಎರಡು ಚಮಚ ಐಸ್‌ಕ್ರೀಮ್ ನೋವನ್ನು ಕಡಿಮೆ ಮಾಡುತ್ತದೆ, ಹೊಟ್ಟೆಗೂ ಏನಾದರೂ ಹೋಗುತ್ತದೆ. ಹೊಗೆಯ ಬಗ್ಗೆ ಮಾತ್ರ ನಿಜಕ್ಕೂ ಎಚ್ಚರ ಬೇಕು: ಬಚ್ಚಲ ಒಲೆಗೆ ಸೋಗೆ, ಸಿಪ್ಪೆ ಉರಿಸುವ ಹೊಗೆ, ರಾತ್ರಿಯಿಡೀ ಉರಿಯುವ ಸೊಳ್ಳೆಬತ್ತಿ, ಮನೆಯೊಳಗೆ ಸೇದುವ ಬೀಡಿ. ಇವು ಮೂಗು-ಗಂಟಲನ್ನು ದಿನವೂ ಕೆರಳಿಸುತ್ತವೆ.

ವೈರಸ್ ಬಿಟ್ಟರೆ ಮುಖ್ಯವಾದದ್ದು ಗುಂಪು ಎ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ. 5ರಿಂದ 15 ವರ್ಷದ ಮಕ್ಕಳ ಗಂಟಲು ನೋವಿನಲ್ಲಿ ನೂರಕ್ಕೆ 20ರಿಂದ 30 ಇದರದ್ದು, ದೊಡ್ಡವರಲ್ಲಿ 5ರಿಂದ 15. ಮೂರು ವರ್ಷದ ಕೆಳಗೆ ಅಪರೂಪ. ತಟ್ಟನೆ ಜ್ವರ, ನುಂಗುವಾಗ ಚುಚ್ಚುವ ನೋವು, ತಲೆನೋವು. ಮಕ್ಕಳಲ್ಲಿ ಹೊಟ್ಟೆನೋವು, ವಾಂತಿ ಕೂಡ. ಟಾನ್ಸಿಲಿನ ಮೇಲೆ ಬಿಳಿ ಕೀವಿನ ಚುಕ್ಕಿ. ಕೆಮ್ಮು ಇರುವುದಿಲ್ಲ, ಮೂಗು ಸೋರುವುದಿಲ್ಲ. ಇದನ್ನು ಹುಡುಕಿ ಹಿಡಿಯಬೇಕಾದ ಕಾರಣ ಗಂಟಲಿನಾಚೆ ಇದೆ. ಮದ್ದು ಕೊಡದೆ ಬಿಟ್ಟರೆ ಕೆಲವು ಮಕ್ಕಳಲ್ಲಿ ಎರಡು ಮೂರು ವಾರ ಕಳೆದು ಕೀಲು ಊದಿ, ಹೃದಯದ ಕವಾಟಕ್ಕೆ ಪೆಟ್ಟು ಬೀಳುತ್ತದೆ. ಅದೇ ರುಮ್ಯಾಟಿಕ್ ಜ್ವರ. ಗಂಟಲು ನೋವು ಸುರುವಾಗಿ 9 ದಿನದೊಳಗೆ ಸರಿಯಾದ ಆಂಟಿಬಯೋಟಿಕ್ ಸುರು ಮಾಡಿದರೂ ಅದನ್ನು ತಡೆಯಬಹುದು. ಅಂದರೆ ಪರೀಕ್ಷೆಯ ಫಲಿತಾಂಶಕ್ಕೆ ಒಂದೆರಡು ದಿನ ಕಾಯಲು ಸಮಯ ಉಂಟು. ಆ ರಾತ್ರಿಯೇ ಮೆಡಿಕಲ್ ಶಾಪಿಗೆ ಓಡಿ ಕೇಳಿ ತಂದ ಮಾತ್ರೆ ಕೊಡುವ ಅಗತ್ಯ ಇಲ್ಲ.

ಹದಿಹರೆಯದವರಲ್ಲಿ, ಹಾಸ್ಟೆಲಿನ ವಯಸ್ಸಿನವರಲ್ಲಿ ಇನ್ನೊಂದನ್ನು ನೆನಪಿಡಬೇಕು. ಎರಡೂ ಟಾನ್ಸಿಲ್ ಬಹಳ ದಪ್ಪ, ಮೇಲೆ ಬೂದು-ಬಿಳಿ ಲೇಪ, ಕುತ್ತಿಗೆಯ ಹಿಂಭಾಗದಲ್ಲೂ ಗಂಟುಗಳು, ವಾರ ಕಳೆದರೂ ಬಿಡದ ಸುಸ್ತು ಇದ್ದರೆ ಎಪ್ಸ್‌ಟೀನ್-ಬಾರ್ ವೈರಸ್ಸಿನ ಗ್ರಂಥಿಜ್ವರ ಇರಬಹುದು. ಪೆನ್ಸಿಲಿನ್ ಗುಂಪಿನ ಆಂಟಿಬಯೋಟಿಕ್ ಆದ ಅಮಾಕ್ಸಿಸಿಲಿನ್ ಕೊಟ್ಟರೆ ಮೈತುಂಬ ಕೆಂಪು ದದ್ದು ಏಳುವುದು ಇದರಲ್ಲಿ ಸಾಮಾನ್ಯ, ಆಮೇಲೆ ಜೀವಮಾನವಿಡೀ "ಪೆನ್ಸಿಲಿನ್ ಅಲರ್ಜಿ" ಎಂಬ ತಪ್ಪು ಹಣೆಪಟ್ಟಿ. ಹೊಟ್ಟೆಯೊಳಗಿನ ಗುಲ್ಮ (ಸ್ಪ್ಲೀನ್) ಊದಿರುವುದರಿಂದ ಕನಿಷ್ಠ ಮೂರು ನಾಲ್ಕು ವಾರ ಕಬಡ್ಡಿ, ಫುಟ್‌ಬಾಲ್ ಬೇಡ. ಹೊಟ್ಟೆಗೆ ಪೆಟ್ಟು ಬಿದ್ದರೆ ಗುಲ್ಮ ಒಡೆಯುವ ಅಪಾಯವಿದೆ.

ಟಾನ್ಸಿಲಿನಿಂದ ಕಿರುನಾಲಿಗೆಯವರೆಗೂ ಹಬ್ಬಿದ ಬೂದು ಪರದೆ, ಕೆದಕಿದರೆ ರಕ್ತ, ಊದಿದ ಕುತ್ತಿಗೆ ಇದ್ದರೆ ಡಿಫ್ತೀರಿಯಾ, ಅಂದರೆ ಗಂಟಲಮಾರಿ. ಮಾಮೂಲಿ ಕೀವು ತಾನಾಗಿ ಒರಸಿಹೋಗುತ್ತದೆ, ಈ ಪರದೆ ಅಂಟಿಕೊಂಡಿರುತ್ತದೆ. ಮನೆಯಲ್ಲಿ ಒರಸಿ ಪರೀಕ್ಷಿಸಬೇಡಿ, ನೇರ ಆಸ್ಪತ್ರೆಗೆ ಹೋಗಿ. ಲಸಿಕೆಯ ಕಾರ್ಡು ತೆಗೆದು ನೋಡಿ: 6, 10, 14ನೇ ವಾರ, ನಂತರ 16ರಿಂದ 24 ತಿಂಗಳ ನಡುವೆ, 5-6 ವರ್ಷಕ್ಕೆ, 10 ಮತ್ತು 16 ವರ್ಷಕ್ಕೆ. ಹೆಚ್ಚಾಗಿ ತಪ್ಪಿಹೋಗಿರುವುದು ಶಾಲೆಗೆ ಸೇರಿದ ಮೇಲಿನ ಡೋಸುಗಳು.

ಇಷ್ಟರ ನಡುವೆ ಕರಾವಳಿಯವರಿಗೆ ಒಂದು ಬೇರೆ ಮಾತು ಹೇಳಲೇಬೇಕು. ಮಳೆಗಾಲದಲ್ಲಿ ಚಳಿ ಹಿಡಿದು ಬರುವ ಜ್ವರಕ್ಕೆ ಗಂಟಲು ನೋಡಿ, ಟಾನ್ಸಿಲ್ ಕೆಂಪಿದೆ ಎಂದು ಅಲ್ಲಿಗೇ ನಿಲ್ಲಿಸಬಾರದು. ಮಂಗಳೂರು ಮಲೇರಿಯಾ ಹಳತಾಗಿ ಬೇರೂರಿದ ಊರು. ಡೆಂಗ್ಯೂ, ಇಲಿಜ್ವರ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳೆರಡರಲ್ಲೂ ಉಂಟು. ಮಕ್ಕಳ ಟಾನ್ಸಿಲ್ ಯಾವ ಜ್ವರದಲ್ಲಾದರೂ ಸ್ವಲ್ಪ ಕೆಂಪಾಗಿಯೇ ಕಾಣುತ್ತದೆ. ನುಂಗುವಾಗ ನೋವಿಲ್ಲದೆ ಜ್ವರ ಮಾತ್ರ ಜೋರಿದ್ದರೆ ಮಲೇರಿಯಾದ ರಕ್ತಲೇಪನ ಪರೀಕ್ಷೆಯನ್ನು ಕೇಳಿ ಮಾಡಿಸಿ.

ನೋವಿಲ್ಲದೆ ದಪ್ಪವಾಗಿಯೇ ಉಳಿದರೆ

ಮತ್ತೆ ಮತ್ತೆ ಸೋಂಕು, ಮೂಗಿನ ಅಲರ್ಜಿ, ಹೊಗೆ, ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಬಂದ ಗುಣ, ಹೀಗೆ ಕಾರಣ ಒಂದಲ್ಲ. ಇಲ್ಲಿ ನೋಡಬೇಕಾದದ್ದು ರಾತ್ರಿಯನ್ನು.

ಮಗು ಮಲಗಿ ಒಂದೆರಡು ಗಂಟೆ ಕಳೆದ ಮೇಲೆ ಒಮ್ಮೆ, ಬೆಳಗಿನ ಜಾವ ನಾಲ್ಕು ಐದರ ಹೊತ್ತಿಗೆ ಇನ್ನೊಮ್ಮೆ, ಎದೆ ಹೊಟ್ಟೆ ಕಾಣುವ ಹಾಗೆ ಹೊದಿಕೆ ಸರಿಸಿ ಎರಡು ಮೂರು ನಿಮಿಷದ ವಿಡಿಯೋ ಮಾಡಿ. ಫ್ಯಾನಿನ ಸದ್ದು ಕಡಿಮೆ ಮಾಡಿ, ಇಲ್ಲವಾದರೆ ಗೊರಕೆ ಕೇಳುವುದಿಲ್ಲ. ಬೆಳಗಿನ ಜಾವದ ಕನಸಿನ ನಿದ್ರೆಯಲ್ಲಿ ಗಂಟಲಿನ ಸ್ನಾಯು ಹೆಚ್ಚು ಸಡಿಲವಾಗುವುದರಿಂದ ತೊಂದರೆ ಆಗಲೇ ಎದ್ದು ಕಾಣುವುದು. ಬಾಯಿ ತೆರೆದು ಕತ್ತು ಹಿಂದಕ್ಕೆ ಚೆಲ್ಲಿ ಮಲಗುವುದು, ಎದೆ ಒಳಗೆ ಹೋಗಿ ಹೊಟ್ಟೆ ಹೊರಗೆ ಬರುವುದು, ಗೊರಕೆ ನಡುವೆ ತಟ್ಟನೆ ನಿಂತು ಕೆಲವು ಸೆಕೆಂಡು ಮೌನ, ಆಮೇಲೆ ಗಕ್ಕನೆ ಉಸಿರೆಳೆದು ಮಗ್ಗುಲು ಬದಲಿಸುವುದು: ಈ ಮೌನ ನೆಗಡಿಯ ಗೊರಕೆಯಲ್ಲಿ ಇರುವುದಿಲ್ಲ. ವಾರಕ್ಕೆ ಮೂರು ರಾತ್ರಿಗಿಂತ ಹೆಚ್ಚು ಗೊರಕೆ, ಜೊತೆಗೆ ಇದು ಕಂಡರೆ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆ ಎಂದು ಸಂಶಯಪಡಬೇಕು.

ಹಗಲಿನ ಗುರುತುಗಳು ಇನ್ನೂ ಮೋಸದವು. ದೊಡ್ಡವರಂತೆ ಮಕ್ಕಳು ತೂಕಡಿಸುವುದಿಲ್ಲ. ಚಡಪಡಿಸುತ್ತಾರೆ, ಸಿಡುಕುತ್ತಾರೆ, ಪಾಠದಲ್ಲಿ ಮನಸ್ಸಿಲ್ಲ ಎಂದು ಟೀಚರಿಂದ ದೂರು ಬರುತ್ತದೆ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಸುರುವಾಗುತ್ತದೆ. ಊಟದ ಬಟ್ಟಲು ನೋಡಿ: ಕುಚ್ಚಲಕ್ಕಿ ಗಂಜಿ, ನೀರುದೋಸೆ ಇಳಿಯುತ್ತದೆ, ಚಪಾತಿ, ಮಾಂಸದ ತುಂಡು ಕೆನ್ನೆಯಲ್ಲೇ ಉಳಿಯುತ್ತದೆ, ಗಟ್ಟಿ ತುತ್ತನ್ನು ನೀರು ಕುಡಿದು ತಳ್ಳುತ್ತದೆ. ಹಟ ಎಂದು ಗದರಿಸುವ ಮೊದಲು ಗಂಟಲು ನೋಡಿ. ಟಿವಿಯ ಶಬ್ದ ಹೆಚ್ಚು ಮಾಡುವುದು, ಕರೆದರೆ ಎರಡನೇ ಸಲಕ್ಕೆ ಓಗೊಡುವುದು ಇದ್ದರೆ ಅಡೆನಾಯ್ಡ್ ಕಿವಿಯ ನಳಿಕೆಯನ್ನು ಕಟ್ಟಿ ಕಿವಿಯೊಳಗೆ ನೀರು ನಿಂತಿರಬಹುದು. ಆಗ ಟಿಂಪನೊಮೆಟ್ರಿ ಎಂಬ ನೋವಿಲ್ಲದ ಪರೀಕ್ಷೆ ಮಾಡುತ್ತಾರೆ, ಕೆಲವೇ ನಿಮಿಷದ್ದು.

ಐದು ವರ್ಷದೊಳಗಿನ ಮಗುವಿಗೆ ಮೂರರಿಂದ ಆರು ವಾರಕ್ಕೊಮ್ಮೆ, ಕ್ಯಾಲೆಂಡರ್ ನೋಡಿ ಬಂದ ಹಾಗೆ ಜ್ವರ, ಬಾಯಿಹುಣ್ಣು, ದಪ್ಪ ಟಾನ್ಸಿಲ್ ಬಂದು, ನಡುವಿನ ದಿನಗಳಲ್ಲಿ ಪೂರ್ತಿ ಆರಾಮವಿದ್ದರೆ ಅದು ಸೋಂಕೇ ಅಲ್ಲದಿರಬಹುದು. ಪಿಎಫ್‌ಎಪಿಎ ಎಂಬ ಈ ಆವರ್ತ ಜ್ವರಕ್ಕೆ ಪ್ರತಿಸಲವೂ ಆಂಟಿಬಯೋಟಿಕ್ ಕೊಟ್ಟು, ನಾಲ್ಕನೇ ದಿನ ಜ್ವರ ತಾನಾಗಿ ಬಿಟ್ಟದ್ದನ್ನು ಮದ್ದಿನ ಗುಣ ಎಂದುಕೊಳ್ಳುವುದುಂಟು. ತಾರೀಕು ಬರೆದಿಟ್ಟವರಿಗೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ಬಾಯಿ ವಾಸನೆ, ಗಂಟಲಲ್ಲಿ ಏನೋ ಸಿಕ್ಕಿದಂತೆ, ಟಾನ್ಸಿಲಿನ ಗುಳಿಯಲ್ಲಿ ಅಕ್ಕಿನುಚ್ಚಿನಂಥ ಬಿಳಿ ಕಾಳು, ಜ್ವರವಿಲ್ಲ: ಅದು ಟಾನ್ಸಿಲ್ ಕಲ್ಲು. ಆಹಾರದ ಕಣ, ಸತ್ತ ಕೋಶ ಸೇರಿ ಗಟ್ಟಿಯಾದದ್ದು. ಕೀವು ಎಂದು ಹೆದರಿ ಆಂಟಿಬಯೋಟಿಕ್ ತಿನ್ನಬೇಡಿ, ಪಿನ್ನು ಹಾಕಿ ಕೆದಕಲೂ ಬೇಡಿ. ಉಪ್ಪುನೀರಿನಲ್ಲಿ ಜೋರಾಗಿ ಗಳಗಳ ಮಾಡಿದರೆ ಹೆಚ್ಚಿನವು ಉದುರುತ್ತವೆ.

ಒಂದೇ ಬದಿ ದಪ್ಪವಾದರೆ

ನೋವು, ಜ್ವರ ಇದ್ದು ಒಂದು ಬದಿ ಉಬ್ಬಿ, ಕಿರುನಾಲಿಗೆ ಆಚೆಗೆ ಸರಿದು, ಬಾಯಿ ಎರಡು ಬೆರಳಿನಷ್ಟೂ ತೆರೆಯಲು ಬಾರದೆ, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡ ಹಾಗೆ ಮಾತು ತೊದಲಿದರೆ ಟಾನ್ಸಿಲಿನ ಹಿಂದೆ ಕೀವು ತುಂಬಿದೆ. ಮಾತ್ರೆಯಿಂದ ಮಾತ್ರ ಇದು ಇಳಿಯುವುದು ಕಷ್ಟ. ಸೂಜಿ ಹಾಕಿ ಅಥವಾ ಕೊಯ್ದು ಕೀವು ತೆಗೆಯಬೇಕು. ಅದೇ ದಿನ ಹೋಗಿ.

ನೋವಿಲ್ಲದೆ, ಜ್ವರವಿಲ್ಲದೆ ದೊಡ್ಡವರಲ್ಲಿ ಒಂದು ಬದಿ ದಪ್ಪವಾಗಿ ಮೂರು ವಾರ ದಾಟಿದರೆ ಅದನ್ನು ಹಗುರ ಮಾಡಬೇಡಿ. ಎಲೆಯಡಿಕೆಗೆ ಹೊಗೆಸೊಪ್ಪು, ಗುಟ್ಕಾ, ಬೀಡಿ, ಸಾರಾಯಿ ಅಭ್ಯಾಸವಿದ್ದವರಲ್ಲಿ ಇನ್ನೂ ಎಚ್ಚರ. ಈ ಯಾವ ಚಟವೂ ಇಲ್ಲದವರಲ್ಲೂ ಎಚ್‌ಪಿವಿ ವೈರಸ್ಸಿನಿಂದ ಟಾನ್ಸಿಲಿನ ಕ್ಯಾನ್ಸರ್ ಬರುತ್ತದೆ. ಕಿವಿ ಪರೀಕ್ಷಿಸಿದರೆ ಏನೂ ಇಲ್ಲ, ಆದರೂ ಅದೇ ಬದಿಯ ಕಿವಿ ನೋವು; ಕುತ್ತಿಗೆಯಲ್ಲಿ ನೋವಿಲ್ಲದ ಗಂಟು; ಎಂಜಲಲ್ಲಿ ರಕ್ತ; ತೂಕ ಇಳಿಯುವುದು, ಇವುಗಳಲ್ಲಿ ಒಂದಿದ್ದರೂ ಇಎನ್‌ಟಿ ತಜ್ಞರು ಬೆರಳಿನಿಂದ ಮುಟ್ಟಿ ನೋಡಲೇಬೇಕು. ಕಣ್ಣಿಗೆ ಕಾಣುವುದಕ್ಕಿಂತ ಬೆರಳಿಗೆ ತಾಗುವ ಗಟ್ಟಿತನ ಹೆಚ್ಚು ಹೇಳುತ್ತದೆ. ಲಿಂಫೋಮಾ ಎಂಬ ಇನ್ನೊಂದು ಬಗೆಯ ಕ್ಯಾನ್ಸರಿನಲ್ಲಿ ಟಾನ್ಸಿಲ್ ನುಣುಪಾಗಿ, ವಾರದಿಂದ ವಾರಕ್ಕೆ ಬೆಳೆಯುತ್ತದೆ. ಇದು ಮಕ್ಕಳಲ್ಲೂ ಬರಬಹುದು. ಕುತ್ತಿಗೆಯ ಗಂಟಿಗೆ ಮೊದಲು ಸೂಜಿ ಪರೀಕ್ಷೆ, ಟಾನ್ಸಿಲಿಗೆ ಬಯಾಪ್ಸಿ, ಎಷ್ಟು ಹಬ್ಬಿದೆ ಎಂದು ತಿಳಿಯಲು ಸಿಟಿ ಅಥವಾ ಎಂಆರ್‌ಐ. ಗಂಟನ್ನು ಯಾರೋ ಒಬ್ಬರಿಂದ ಕೊಯ್ಸಿ ನೋಡುವುದು ಬೇಡ, ಮುಂದಿನ ಚಿಕಿತ್ಸೆಯೇ ಕೆಡುತ್ತದೆ.

ಎಲ್ಲ ಏರುಪೇರೂ ಕ್ಯಾನ್ಸರ್ ಅಲ್ಲ. ಒಂದು ಟಾನ್ಸಿಲ್ ಕಮಾನಿನಲ್ಲಿ ಆಳವಾಗಿ ಕೂತಿದ್ದರೆ ಇನ್ನೊಂದು ಸುಮ್ಮನೆ ದೊಡ್ಡದಾಗಿ ಕಾಣುತ್ತದೆ, ಮಕ್ಕಳಲ್ಲಂತೂ ಇದೇ ಹೆಚ್ಚು. ಹಳೆಯ ಫೋಟೋ ಇದ್ದರೆ ಈ ಪ್ರಶ್ನೆ ಎರಡು ನಿಮಿಷದಲ್ಲಿ ಬಗೆಹರಿಯುತ್ತದೆ.

ಡಾಕ್ಟರ ಬಳಿ ನಡೆಯುವುದು

ಸೋಂಕು ಎಂದು ಕಂಡರೆ ಮೊದಲು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕುತ್ತಾರೆ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ 1 ಅಂಕ, ಕೆಮ್ಮು ಇಲ್ಲದಿದ್ದರೆ 1, ಟಾನ್ಸಿಲ್ ಊದಿದ್ದರೆ ಅಥವಾ ಕೀವಿದ್ದರೆ 1, ಕುತ್ತಿಗೆಯ ಮುಂಭಾಗದ ಗಂಟು ನೋಯುತ್ತಿದ್ದರೆ 1. ವಯಸ್ಸು 3ರಿಂದ 14 ಆದರೆ ಇನ್ನೊಂದು ಅಂಕ ಸೇರುತ್ತದೆ, 45 ದಾಟಿದ್ದರೆ ಒಂದು ಕಳೆಯುತ್ತದೆ. ಒಟ್ಟು 0 ಅಥವಾ 1 ಬಂದರೆ ಪರೀಕ್ಷೆಯೂ ಬೇಡ, ಆಂಟಿಬಯೋಟಿಕ್ಕೂ ಬೇಡ. 2-3 ಬಂದರೆ ಗಂಟಲಿನ ಸ್ವಾಬ್. 4 ಅಥವಾ ಹೆಚ್ಚಾದರೆ ಸ್ವಾಬ್ ತೆಗೆದು, ಕೆಲವೊಮ್ಮೆ ಮದ್ದನ್ನೂ ಒಟ್ಟಿಗೆ ಸುರು ಮಾಡುತ್ತಾರೆ.

ಸ್ವಾಬ್ ಸರಿಯಾಗಿ ತೆಗೆದರೆ ಮಾತ್ರ ಬೆಲೆ. ಹತ್ತಿಯ ಕಡ್ಡಿ ಎರಡೂ ಟಾನ್ಸಿಲಿಗೆ ಮತ್ತು ಗಂಟಲಿನ ಹಿಂಗೋಡೆಗೆ ಉಜ್ಜಬೇಕು; ನಾಲಿಗೆ, ಕೆನ್ನೆಗೆ ತಾಗಬಾರದು. ಮನೆಯಲ್ಲಿ ಒಂದು ಡೋಸ್ ಆಂಟಿಬಯೋಟಿಕ್ ಕೊಟ್ಟು ಬಂದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಬೆಳೆಯದೆ ಹೋಗಬಹುದು, ಅದನ್ನು ಮುಚ್ಚಿಡಬೇಡಿ. ಹೊರಡುವ ಮೊದಲು ಔಷಧದ ಮೌತ್‌ವಾಶಿನಿಂದ ಬಾಯಿ ಮುಕ್ಕಳಿಸಬೇಡಿ. ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯ ಫಲಿತಾಂಶಕ್ಕೆ 24ರಿಂದ 48 ಗಂಟೆ. ಕೆಲವು ಕಡೆ ನಿಮಿಷಗಳಲ್ಲಿ ಉತ್ತರ ಕೊಡುವ ರ‍್ಯಾಪಿಡ್ ಕಿಟ್ ಇರುತ್ತದೆ. ಮಕ್ಕಳಲ್ಲಿ ಅದು ನೆಗೆಟಿವ್ ಬಂದರೆ ಕಲ್ಚರ್ ಕೂಡ ಕಳುಹಿಸುವುದು ಕ್ರಮ. ಇನ್ನೊಂದು ಗೊಂದಲ ಉಂಟು. ಆರೋಗ್ಯವಾಗಿರುವ ಮಕ್ಕಳಲ್ಲೂ ನೂರಕ್ಕೆ ಹತ್ತು ಹನ್ನೆರಡು ಮಂದಿಯ ಗಂಟಲಲ್ಲಿ ಈ ಬ್ಯಾಕ್ಟೀರಿಯಾ ತಣ್ಣಗೆ ಕೂತಿರುತ್ತದೆ. ನೆಗಡಿ ಬಂದ ಅಂಥ ಮಗುವಿಗೆ ಸ್ವಾಬ್ ಮಾಡಿದರೆ ಪಾಸಿಟಿವ್ ಬರುತ್ತದೆ, ಆದರೆ ಆ ದಿನದ ನೋವಿಗೆ ಕಾರಣ ಅದಲ್ಲ. ಅಂಕ ಹಾಕಿ ನೋಡಿ ಆಮೇಲೆ ಪರೀಕ್ಷೆ ಎನ್ನುವುದು ಇದಕ್ಕೇ.

ಎಎಸ್‌ಒ ರಕ್ತಪರೀಕ್ಷೆಯ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಇಂದಿನ ಗಂಟಲು ನೋವಿನ ಕಾರಣ ತಿಳಿಯಲು ಅದು ಬರುವುದಿಲ್ಲ. ಹಿಂದಿನ ವಾರಗಳಲ್ಲಿ ಸ್ಟ್ರೆಪ್ ಸೋಂಕು ಆಗಿತ್ತೇ ಎಂದಷ್ಟೇ ಅದು ತೋರಿಸುವುದು. ರುಮ್ಯಾಟಿಕ್ ಜ್ವರ, ಮೂತ್ರಪಿಂಡದ ಊತದ ಸಂಶಯ ಬಂದಾಗ ಬೇಕಾಗುತ್ತದೆ. ಬರೀ ಎಎಸ್‌ಒ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಮಗುವಿಗೆ ವರ್ಷಗಟ್ಟಲೆ ಪೆನ್ಸಿಲಿನ್ ಚುಚ್ಚುಮದ್ದು ಹಾಕಿಸುತ್ತಿದ್ದರೆ, ಹೃದಯದ ಎಕೋ ಮತ್ತು ಮಕ್ಕಳ ತಜ್ಞರ ಎರಡನೇ ಅಭಿಪ್ರಾಯ ಪಡೆಯಿರಿ. ಹಾಗೆಂದು ಕವಾಟಕ್ಕೆ ಪೆಟ್ಟು ಬಿದ್ದವರು ಆ ಚುಚ್ಚುಮದ್ದನ್ನು ತಮ್ಮಷ್ಟಕ್ಕೆ ನಿಲ್ಲಿಸಬಾರದು.

ಪೂರ್ಣ ರಕ್ತಕಣ ಎಣಿಕೆ ಎಲ್ಲರಿಗೂ ಬೇಡ. ಗ್ರಂಥಿಜ್ವರದಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಏರಿ, ವಿಚಿತ್ರ ಆಕಾರದವು ಕಾಣುತ್ತವೆ. ಟಾನ್ಸಿಲಿನ ಜೊತೆ ಮೈ ಬಿಳುಚಿ, ಒಸಡಿನಲ್ಲಿ ರಕ್ತ, ಚರ್ಮದಲ್ಲಿ ಸಣ್ಣ ಕೆಂಪು ಚುಕ್ಕಿ ಇದ್ದರೆ ರಕ್ತ ಕ್ಯಾನ್ಸರನ್ನು ತಳ್ಳಿಹಾಕಲು ಅದೇ ದಿನ ಮಾಡಿಸಬೇಕು.

ಅಡೆನಾಯ್ಡ್ ನೋಡಲು ಮೂಗಿನ ಮೂಲಕ ತೆಳು ಎಂಡೋಸ್ಕೋಪ್, ಅಥವಾ ಕುತ್ತಿಗೆಯ ಪಕ್ಕದಿಂದ ಎಕ್ಸ್‌ರೇ. ಎಕ್ಸ್‌ರೇ ತೆಗೆಯುವಾಗ ಮಗು ಬಾಯಿ ಮುಚ್ಚಿ ಮೂಗಿನಿಂದ ಉಸಿರಾಡುತ್ತಿರಬೇಕು. ಅಳುತ್ತಿದ್ದರೆ ಅಂಗುಳ ಮೇಲೇರಿ ದಾರಿ ಕಿರಿದಾದಂತೆ ಚಿತ್ರದಲ್ಲಿ ಬೀಳುತ್ತದೆ, ಇಲ್ಲದ ಅಡೆನಾಯ್ಡ್ ರಿಪೋರ್ಟಿನಲ್ಲಿ ಹುಟ್ಟುತ್ತದೆ. ಸಮಾಧಾನ ಮಾಡಿ, ಹತ್ತು ನಿಮಿಷ ತಡವಾದರೂ ಸರಿ. ಉಸಿರು ಕಟ್ಟುವುದು ಎಷ್ಟು ಎಂದು ಅಳೆಯಲು ರಾತ್ರಿಯಿಡೀ ನಿದ್ರಾ ಪರೀಕ್ಷೆ ಇದೆ. ಮಕ್ಕಳಲ್ಲಿ ಗಂಟೆಗೆ ಒಂದಕ್ಕಿಂತ ಹೆಚ್ಚು ಸಲ ಉಸಿರು ಕಟ್ಟಿದರೆ ಅಸಹಜ ಎಂದು ಲೆಕ್ಕ. ಎರಡು ವರ್ಷದೊಳಗಿನವರು, ಡೌನ್ ಸಿಂಡ್ರೋಮ್ ಇರುವವರು, ತುಂಬ ದಪ್ಪ ಮಕ್ಕಳು, ಗಾತ್ರಕ್ಕೂ ಲಕ್ಷಣಕ್ಕೂ ತಾಳೆಯಾಗದವರು, ಇವರಿಗೆ ಅದು ಮುಖ್ಯ.

ಮಂಗಳೂರಿನ ಹಂಪನಕಟ್ಟೆಯ ವೆನ್ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಸರಕಾರಿ. ಕಂಕನಾಡಿ, ದೇರಳಕಟ್ಟೆ, ಮಣಿಪಾಲಗಳಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಸ್ವಾಬ್, ಎಂಡೋಸ್ಕೋಪಿ, ಕಿವಿ ಪರೀಕ್ಷೆ ಮೂರೂ ಬೇಕಾದೀತು ಎನಿಸಿದರೆ ಎಲ್ಲ ವಿಭಾಗ ಒಂದೇ ಕಡೆ ಇರುವಲ್ಲಿಗೆ, ಬೆಳಗ್ಗಿನ ಒಪಿಡಿಗೇ ಹೋಗಿ. ಹಳೆಯ ಚೀಟಿ, ಲಸಿಕೆ ಕಾರ್ಡು, ಫೋನಿನಲ್ಲಿರುವ ವಿಡಿಯೋ, ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ.

ಫಲಿತಾಂಶ ಬರುವವರೆಗೆ

ಪ್ಯಾರಸಿಟಮಾಲ್ ಮಗುವಿನ ತೂಕದ ಪ್ರತಿ ಕಿಲೋಗೆ ಒಂದು ಸಲಕ್ಕೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ. 16 ಕಿಲೋ ಮಗುವಿಗೆ 240 ಮಿಲಿಗ್ರಾಂ ಆಯಿತು. 5 ಮಿಲಿಗೆ 120 ಮಿಲಿಗ್ರಾಂ ಎಂದಿರುವ ಸಿರಪ್ ಆದರೆ 10 ಮಿಲಿ. 250 ಎಂದಿರುವ ಸಿರಪ್ ಆದರೆ 5 ಮಿಲಿಗಿಂತ ಸ್ವಲ್ಪ ಕಡಿಮೆ. ಎರಡೂ ಬಾಟ್ಲಿ ನೋಡಲು ಒಂದೇ ಥರ, ಲೇಬಲ್ ಓದದೆ ಅಳೆದರೆ ಡೋಸ್ ಇಮ್ಮಡಿಯಾಗುತ್ತದೆ. ಮಕ್ಕಳಿಗೆ ಆಸ್ಪಿರಿನ್ ಬೇಡ. ಉಗುಳಲು ಬರುವ ಮಕ್ಕಳಿಗೆ ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಟೀಚಮಚ ಉಪ್ಪು ಹಾಕಿ ದಿನಕ್ಕೆ ಮೂರು ನಾಲ್ಕು ಸಲ. ಗಂಜಿಯ ತಿಳಿ, ಎಳನೀರು, ಏನು ಇಳಿಯುತ್ತದೋ ಅದು. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬೇಡಿ. ಗಂಟಲೊಳಗೆ ಬೆರಳು ಹಾಕಿ ಗಡ್ಡೆ ಒತ್ತಿಸುವುದು, ಕಿರುನಾಲಿಗೆ ಎತ್ತಿಸುವುದು ಬೇಡವೇ ಬೇಡ. ಕೀವು ಒಳಕ್ಕೆ ಹರಡುತ್ತದೆ, ರಕ್ತ ಬರುತ್ತದೆ.

ಸ್ಟ್ರೆಪ್ ಎಂದು ಖಚಿತವಾಗಿ ಪೆನ್ಸಿಲಿನ್ ಅಥವಾ ಅಮಾಕ್ಸಿಸಿಲಿನ್ ಬರೆದರೆ 10 ದಿನ ಪೂರ್ತಿ. ಎರಡನೇ ದಿನಕ್ಕೆ ಜ್ವರ ಬಿಡುತ್ತದೆ, ನಾಲ್ಕನೇ ದಿನಕ್ಕೆ ಬಾಟ್ಲಿ ಫ್ರಿಜ್ಜಿನ ಮೂಲೆ ಸೇರುತ್ತದೆ. ಮರುಕಳಿಸಲು ಇದೇ ದಾರಿ. ಮದ್ದು ಸುರುವಾಗಿ 24 ಗಂಟೆ ಕಳೆದು ಜ್ವರವಿಲ್ಲದಿದ್ದರೆ ಶಾಲೆಗೆ ಕಳುಹಿಸಬಹುದು. ಗುಣವಾದ ಒಂದೆರಡು ವಾರದ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಬೆಳಗ್ಗೆ ಕಣ್ಣಿನ ಸುತ್ತ ಊತ ಕಂಡರೆ, ಕೀಲು ನೋವು ಒಂದರಿಂದ ಇನ್ನೊಂದಕ್ಕೆ ಹಾರುತ್ತಿದ್ದರೆ ಮತ್ತೆ ತೋರಿಸಿ.

ಬರೆದಿಡುವ ಪುಸ್ತಕ

ಟಾನ್ಸಿಲ್ ತೆಗೆಸಬೇಕೇ ಎಂಬ ಪ್ರಶ್ನೆಗೆ ಉತ್ತರ ಈ ಪುಸ್ತಕದಲ್ಲೇ ಇರುತ್ತದೆ. ಪ್ರತಿ ಸಲ ಗಂಟಲು ನೋವು ಬಂದಾಗ ತಾರೀಕು, ಅತಿ ಹೆಚ್ಚಿನ ಜ್ವರ, ಕೀವಿತ್ತೇ, ಗಂಟು ಇತ್ತೇ, ಸ್ವಾಬ್ ಫಲಿತಾಂಶ, ಕೊಟ್ಟ ಮದ್ದು, ತಪ್ಪಿದ ಶಾಲೆಯ ದಿನ ಬರೆಯಿರಿ. ಒಂದು ವರ್ಷದಲ್ಲಿ 7 ಸಲ, ಅಥವಾ ಎರಡು ವರ್ಷ ವರ್ಷಕ್ಕೆ 5, ಅಥವಾ ಮೂರು ವರ್ಷ ವರ್ಷಕ್ಕೆ 3 ಸಲ ಬಂದಿದ್ದು, ಪ್ರತಿ ಸಲವೂ 101 ಡಿಗ್ರಿ ದಾಟಿದ ಜ್ವರ, ಕೀವು, ಕುತ್ತಿಗೆಯ ಗಂಟು, ಪಾಸಿಟಿವ್ ಸ್ವಾಬ್ ಇವುಗಳಲ್ಲಿ ಒಂದಾದರೂ ದಾಖಲಾಗಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಆಡಬಹುದು. "ತಿಂಗಳಿಗೊಮ್ಮೆ ಬರ್ತದೆ ಡಾಕ್ಟ್ರೇ" ಎಂದು ಬಾಯಲ್ಲಿ ಹೇಳಿದ್ದನ್ನು ಬರೆಯಲು ಕೂತರೆ ಎಷ್ಟೋ ಸಲ ವರ್ಷಕ್ಕೆ ಮೂರೇ ಆಗಿರುತ್ತದೆ, ಉಳಿದವು ಬರೀ ನೆಗಡಿ. ಅಂಥ ಮಗುವಿಗೆ ಕಾಯುವುದೇ ಸರಿ. ನಿದ್ರೆಯಲ್ಲಿ ಉಸಿರು ಕಟ್ಟುವ ಮಗುವಿಗೆ ಮಾತ್ರ ಈ ಎಣಿಕೆ ಲಾಗೂ ಆಗುವುದಿಲ್ಲ, ಅಲ್ಲಿ ಒಂದೂ ಸೋಂಕು ಇಲ್ಲದೆಯೂ ತೆಗೆಯಬೇಕಾಗಬಹುದು.

ಒಂದು ಬದಿ ದಪ್ಪವೆಂಬ ಕಾರಣಕ್ಕೆ ದೊಡ್ಡವರಲ್ಲಿ ಟಾನ್ಸಿಲ್ ತೆಗೆದರೆ, ಎಡ ಮತ್ತು ಬಲದ್ದನ್ನು ಹೆಸರು ಬರೆದ ಬೇರೆ ಬೇರೆ ಡಬ್ಬಿಯಲ್ಲಿ ಪೆಥಾಲಜಿಗೆ ಕಳುಹಿಸಿದ್ದಾರೆಯೇ ಎಂದು ಆಪರೇಷನ್ ದಿನವೇ ಕೇಳಿ. ರಿಪೋರ್ಟು ಬರಲು ಕೆಲವು ದಿನ ಹಿಡಿಯುತ್ತದೆ. ಗಾಯ ಮಾಯಿತು ಎಂದು ಅದನ್ನು ತೆಗೆದುಕೊಳ್ಳದೆ ಬಿಡಬೇಡಿ.